ಹಲಗಲಿಯ ಬೀಸುಕಲ್ಲು

ಹಳ್ಳಿಯ ಚರಿತ್ರೆಯನ್ನು ಹಾಡು, ಕಥೆ, ಚಿತ್ರ, ಶಿಲ್ಪಗಳು ಹೇಗೆ ಕಾಯುತ್ತವೆ ಎಂಬುದು ಇವತ್ತಿನ ವಿಷಯ. ಇಡೀ ನಾಡನ್ನು ಸುತ್ತಿಬರಲು ಹೊತ್ತು ಸಾಲದು. ಹೆಚ್ಚಾಗಿ ಒಂದೇ ಊರನ್ನು ಹಿಡಿದು ಮಾತಾಡುತ್ತೇನೆ.

ಊರು ಹಲಗಲಿ. ಇವತ್ತಿನ ಬಾಗಲಕೋಟೆ ಜಿಲ್ಲೆ, ಆಗ ಮುಧೋಳ ಸಂಸ್ಥಾನ. 1857ರಲ್ಲಿ ಉತ್ತರ ಹಿಂದೂಸ್ತಾನದ ದಂಗೆಗೆ ಬೆದರಿದ ಕಂಪನಿ ಸರ್ಕಾರ, ಜನರ ಕೈಯಲ್ಲಿರುವ ಆಯುಧಗಳನ್ನೆಲ್ಲ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಬೇಟೆಯನ್ನೇ ನಂಬಿದ ಆ ಊರಿನ ಬೇಡರಿಗೆ ಹತಾರ ಎಂದರೆ ಅನ್ನವೂ ಹೌದು, ಮಾನವೂ ಹೌದು. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಸರ್ಕಾರದ ದಾಖಲೆ ನೋಡಿದರೂ ಇಷ್ಟು ಸಿಗುತ್ತದೆ.

ಈ ಘಟನೆಯ ಮೇಲೆ ಕಟ್ಟಿದ ಲಾವಣಿಯಲ್ಲಿ ಸಿಗುವುದು ಇನ್ನೊಂದು. ಅದರಲ್ಲಿ ಜಡಗ, ಬಾಲ, ಹನುಮ, ರಾಮ ಎಂದು ನಾಲ್ವರಿಗೆ ಹೆಸರಿದೆ. ಹತಾರ ಕೇಳಲು ಬಂದ ಕಾರಕೂನ ಏಟು ತಿಂದದ್ದಿದೆ. ಇದು ವೀರಗಾಥೆಯಲ್ಲಿ ಇರಲೇಬೇಕಾದ ಭಾಗ, ಇದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಕೊನೆಯ ಭಾಗ. ದಂಡಿನವರು ಊರು ಹೊಕ್ಕು ಏನೇನು ಹೊತ್ತೊಯ್ದರು ಎಂದು ಲಾವಣಿಕಾರ ಒಂದು ಪಟ್ಟಿ ಹಾಡುತ್ತಾನೆ. ಹಾಲು, ಮೊಸರು, ಬೆಣ್ಣೆ ಬರುತ್ತವೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ ಬರುತ್ತವೆ. ತಟ್ಟೆ, ಚರಿಗೆ, ಕೊಡಲಿ, ಕೊನೆಗೆ ಕೊರಳಿನ ಮಂಗಳಸೂತ್ರ, ಮನೆಯ ಬೀಸುಕಲ್ಲು. ಸತ್ತವರ ಲೆಕ್ಕ ಇಡುವ ಸರ್ಕಾರ ಜೀರಿಗೆಯ ಲೆಕ್ಕ ಇಟ್ಟೀತೆ? ಬೀಸುಕಲ್ಲು ಹೋದ ಮನೆಯಲ್ಲಿ ನಾಳೆ ರೊಟ್ಟಿಗೆ ಹಿಟ್ಟಿಲ್ಲ. ಸೋಲು ಎಂದರೆ ಏನು ಎಂಬುದನ್ನು ಆ ಕವಿ ಅಡುಗೆಮನೆಯಿಂದ ನೋಡಿದ್ದಾನೆ. ಯುದ್ಧದ ಚರಿತ್ರೆ ಬರೆಯುವ ನಮ್ಮ ಪ್ರಾಧ್ಯಾಪಕರು ಆ ಬಾಗಿಲಿಗೆ ಹೋಗುವುದು ಅಪರೂಪ. (ನಾನೂ ಆ ಜಾತಿಯವನೇ, ಆದ್ದರಿಂದ ಬೈಯುವ ಹಕ್ಕಿದೆ.)

ಈ ಲಾವಣಿ ಅಚ್ಚಿಗೆ ಬಂದ ಕತೆ ತಮಾಷೆಯದು. ಅದನ್ನು ಸಂಗ್ರಹಿಸಿ ಇಂಗ್ಲಿಷ್ ಅನುವಾದದ ಜೊತೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ನಮ್ಮ ಶಾಸನಗಳನ್ನು ಓದಿದ ಆ ಪಂಡಿತರು ಹೊಟ್ಟೆಪಾಡಿಗೆ ಮುಂಬಯಿ ಸರ್ಕಾರದ ಅಧಿಕಾರಿ. ಊರು ಸುಟ್ಟವರ ಕಡೆಯವರೇ ಹಾಡನ್ನು ಉಳಿಸಿಕೊಟ್ಟರು. ಅಚ್ಚಾಗುವ ಮುಂಚೆ ದಶಕಗಳ ಕಾಲ ಅದನ್ನು ಹೊತ್ತವರು ಮಾತ್ರ ಹಾಡುವವರು, ಕೇಳುವವರು. ಈಗ ಅದು ಹತ್ತನೆಯ ತರಗತಿಯ ಕನ್ನಡ ಪಾಠ. ಸಂತೋಷ. ಆದರೆ ಡಪ್ಪು, ತುಂತುಣಿ, ಹಿಮ್ಮೇಳ ಇಲ್ಲದೆ ನಾಲ್ಕು ಅಂಕದ ಪ್ರಶ್ನೆಯಾದ ಲಾವಣಿ ಅರ್ಧ ಲಾವಣಿ. ಹಾಡುವವನು ಒಂದು ಸಾಲನ್ನು ಎರಡು ಸಲ ಏಕೆ ಹೇಳಿದ, ಎಲ್ಲಿ ದನಿ ಇಳಿಸಿದ ಎಂಬುದು ಪುಸ್ತಕದಲ್ಲಿ ಕೂರುವುದಿಲ್ಲ.

ಶಿಲ್ಪದ್ದೂ ಇಂಥದೇ ಪಾಡು. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೀವು ನೋಡಿರಬಹುದು. ಉತ್ತರ ಕರ್ನಾಟಕದ ಹಳ್ಳಿಯ ಕಸುಬು, ಉಡುಗೆ, ಕೂರುವ ನಿಲ್ಲುವ ಭಂಗಿಗಳನ್ನು ಸಿಮೆಂಟಿನಲ್ಲಿ ಹಿಡಿದದ್ದು ಸಣ್ಣ ಕೆಲಸವಲ್ಲ. ಕಮ್ಮಾರನ ಕೈ ಹೇಗೆ ಏಳುತ್ತಿತ್ತು ಎಂದು ಮುಂದಿನವರಿಗೆ ತೋರಿಸಲು ಅಂಥದು ಬೇಕು. ಪಕ್ಕದಲ್ಲಿ ಕಥೆ ಹೇಳುವ ಒಬ್ಬ ಅಜ್ಜ ಇಲ್ಲದಿದ್ದರೆ ಮಕ್ಕಳು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಅಷ್ಟೇ.

ಜನ ತಾವೇ ಕಟ್ಟಿಕೊಂಡ ನೆನಪಿಗೆ ನಂದಗಡ ನೋಡಿ. 1831ರ ಜನವರಿ 26ರಂದು ಕಂಪನಿಯ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅಲ್ಲಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹೆಂಗಸರು ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಆಸೆ. ಯಾವ ಸ್ಮಾರಕ ಸಮಿತಿಯೂ ಅದನ್ನು ಹೇಳಿಕೊಡಲಿಲ್ಲ.

ಹಾಗೆಂದು ಹಾಡು ಹೇಳಿದ್ದೆಲ್ಲ ಪೂರ್ಣ ಎಂದು ನಾನು ಒಪ್ಪುವವನಲ್ಲ. ಹಲಗಲಿಯ ಲಾವಣಿಯಲ್ಲಿ ಮಂಗಳಸೂತ್ರ ಇದೆ, ಅದನ್ನು ಕಳೆದುಕೊಂಡವಳ ಹೆಸರಿಲ್ಲ. ಸುಗ್ಗಿಯ ಮೇಲೆ ಎತ್ತು ಹೊಡೆದುಕೊಂಡು ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳಿ ಕಾಳು ಪಡೆಯುವ ಹೆಳವರ ಕಟ್ಟಿನಲ್ಲೂ ಹೆಚ್ಚಾಗಿ ಗಂಡಸರದೇ ಸಾಲು. ಹೆಂಗಸರ ಚರಿತ್ರೆ ಬೇಕೆಂದರೆ ಬೀಸುವ ಪದಕ್ಕೆ, ಕುಟ್ಟುವ ಪದಕ್ಕೆ ಹೋಗಬೇಕು. ಇದನ್ನು ಮೊದಲು ಗಟ್ಟಿಯಾಗಿ ಕಂಡವರು ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. 1931ರಲ್ಲಿ ಅವರು ‘ಗರತಿಯ ಹಾಡು’ ತಂದಾಗ ಬೀಸುಕಲ್ಲಿನ ಮುಂದೆ ಕೂತವಳ ತವರು, ಅಣ್ಣ, ಅತ್ತೆ, ಬರ, ಹಸಿವು ಮೊದಲ ಸಲ ಪುಸ್ತಕದ ಘನತೆ ಪಡೆದವು. ಅವರು ವಿಶ್ವವಿದ್ಯಾಲಯದಿಂದ ಬಂದವರಲ್ಲ, ಆ ಸೀಮೆಯವರೇ. ಯಾರ ಮನೆಯಲ್ಲಿ ಯಾವ ಹಾಡಿದೆ ಎಂದು ಅವರಿಗೆ ಗೊತ್ತಿತ್ತು.

ಗಿರಣಿ ಬಂದ ಮೇಲೆ ಬೀಸುವ ಕೆಲಸ ಹೋಯಿತು, ಪದಕ್ಕೆ ಹೊತ್ತೇ ಇಲ್ಲದಂತಾಯಿತು. ಬಲ್ಲವರು ಈಗ ಮುದುಕಿಯರು. ಇಲ್ಲಿ ಕೂತವರಲ್ಲಿ ಬಹಳ ಮಂದಿಗೆ ಒಂದು ಹಳ್ಳಿ ಇದೆ, ಎಲ್ಲರ ಕೈಯಲ್ಲೂ ಫೋನ್ ಇದೆ. ಮುಂದಿನ ಸಲ ಊರಿಗೆ ಹೋದಾಗ ಒಬ್ಬ ಅಜ್ಜಿಯ ಹಾಡು ಹಿಡಿಯಿರಿ. ಅವರ ಹೆಸರು, ಕಲಿಸಿದವರ ಹೆಸರು, ಯಾವ ಕೆಲಸ ಮಾಡುತ್ತ ಹಾಡುತ್ತಿದ್ದರು ಎಂಬುದನ್ನು ಬರೆದುಕೊಳ್ಳಿ. ಪಕ್ಕದ ಮನೆಯವಳು ನಡುವೆ ಬಾಯಿ ಹಾಕಿ ತಿದ್ದಿದರೆ ಅದನ್ನು ಅಳಿಸಬೇಡಿ. ಒಂದು ಪ್ರತಿ ಊರಿನ ಶಾಲೆಯಲ್ಲಿ ಇರಲಿ. ಮತ್ತೆ, ಹಾಡಿದವರಿಗೆ ದುಡ್ಡು ಕೊಡಿ. ಬರೀ ಶಾಲು ಹೊದಿಸಿ ಬರಬೇಡಿ.