ಇಬ್ಬರಿಗೆ ಒಂದೇ ಹಾಳೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತು)

 

ಕುಂದಾಪುರದ ಕಾರ್ಟೂನು ಹಬ್ಬವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಮತ್ತು ಗೆಳೆಯರು ಕಟ್ಟಿದ ಹಬ್ಬ ಅದು. ಎದುರು ಕುಳಿತವರ ಮುಖವನ್ನು ಕಲಾವಿದರು ಅಲ್ಲೇ ಬರೆದುಕೊಟ್ಟು, ಬಂದ ಹಣವನ್ನು ಸರ್ಕಾರಿ ಶಾಲೆಗೆ ಕೊಟ್ಟದ್ದುಂಟು. ಕುಳಿತವರ ಜಾತಿ, ಜಮಾತ್ ಅಲ್ಲಿ ಲೆಕ್ಕಕ್ಕಿಲ್ಲ. ಮೂಗು ದೊಡ್ಡದಾಯಿತೆಂದು ಎಲ್ಲರೂ ನಗುವುದಷ್ಟೆ.

ಸತೀಶ್ ಕಲಾಶಾಲೆಯಲ್ಲಿ ಕಲಿತವರಲ್ಲ. ಗಂಗೊಳ್ಳಿಯ ಪಂಜು ಗಂಗೊಳ್ಳಿಯವರು ಮುಂಬಯಿಯಲ್ಲಿ ವ್ಯಂಗ್ಯಚಿತ್ರವನ್ನೇ ವೃತ್ತಿ ಮಾಡಿಕೊಂಡರು. 2020ರಲ್ಲಿ ನಮ್ಮ ಆಡುಮಾತಿಗೆ ‘ಕುಂದಾಪ್ರ ಕನ್ನಡ ನಿಘಂಟು’ವನ್ನೂ ಕೊಟ್ಟರು.

"ಚಿತ್ರ ಬರೆದರೆ ಹೊಟ್ಟೆ ತುಂಬುತ್ತದಾ?" ಎಂದು ಪೋಷಕರು ಕೇಳುತ್ತಾರೆ. ಸಾಲ ಇರುವ ಮನೆಯಲ್ಲಿ ಆ ಪ್ರಶ್ನೆ ತಪ್ಪಲ್ಲ. ಆದರೆ ನಮ್ಮ ಅರ್ಜಿ ನಮೂನೆಯೂ ಅದನ್ನೇ ಕೇಳುವಂತಿದೆ. ಇಂಜಿನಿಯರಿಂಗ್, ನರ್ಸಿಂಗ್, ಐಟಿಐ ಎಲ್ಲ ಇವೆ, ಚಿತ್ರಕಲೆಗೆ ಜಾಗವಿಲ್ಲ. ಮುಂದಿನ ಸಾಲಿನಿಂದ ಅದನ್ನೂ ಸೇರಿಸಬೇಕೆಂದು ಟ್ರಸ್ಟಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ಕೋರಿಕೆ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಶಾಲೆಗಳಿಂದ ಎಲ್ಲ ಸಮುದಾಯದ ಮಕ್ಕಳನ್ನು ಕರೆದು ಒಂದು ಚಿತ್ರಪ್ರದರ್ಶನ ಮಾಡೋಣ. ಬೇರೆ ಬೇರೆ ಊರಿನ ಇಬ್ಬರಿಗೆ ಒಂದೇ ಹಾಳೆ. ಐದು ನದಿ ಸೇರುವ ಪಂಚಗಂಗಾವಳಿಯನ್ನು ಬರೆಯಲಿ. ಮನುಷ್ಯರ ಚಿತ್ರ ಬೇಡವೆನ್ನುವ ಮನೆಗಳು ನಮ್ಮಲ್ಲಿವೆ, ಗೊತ್ತು. ಆ ಮನೆಯ ಮಗು ನೀರು, ದೋಣಿ, ತೆಂಗಿನಮರ ಬರೆಯಲಿ. ಬಲೆ ಬೀಸುವವನನ್ನು ಪಕ್ಕದ ಮಗು ಬರೆಯುತ್ತದೆ. ಚಿತ್ರ ಮಾರಿ ಬಂದ ಹಣ ಇದೇ ವಿದ್ಯಾರ್ಥಿವೇತನ ನಿಧಿಗೆ ಸೇರಲಿ. ಹಾಳೆ, ಬಣ್ಣದ ಖರ್ಚು ವಹಿಸಿಕೊಳ್ಳುವ ದಾನಿಗಳು ಸಭೆ ಮುಗಿದ ಮೇಲೆ ನನಗೆ ತಿಳಿಸಿ.