ಒಂಟಿ ಪತ್ತೇದಾರನ ವಂಶಾವಳಿ



ಕೊಲೆಯಾಗಿದೆ. ಪೊಲೀಸರು ಯಾರನ್ನೋ ಹಿಡಿದು ಕೂಡಿಹಾಕಿದ್ದಾರೆ. ಓದುಗನಿಗೆ ಮಾತ್ರ ಅವರ ಮೇಲೆ ಭರವಸೆಯಿಲ್ಲ. ಅವನು ದಾರಿ ಕಾಯುತ್ತಿರುವುದು ಮೇಲಧಿಕಾರಿಯಿಲ್ಲದ, ಸರ್ಕಾರಿ ಸಂಬಳವಿಲ್ಲದ, ಹೆಂಡತಿ ಮಕ್ಕಳ ಸುದ್ದಿಯೂ ಇಲ್ಲದ ಒಬ್ಬ ಪತ್ತೇದಾರನಿಗಾಗಿ. ಈ ಆಸಾಮಿ ಎಲ್ಲಿಂದ ಬಂದ?

1841ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಪ್ಯಾರಿಸ್ಸಿನ ಜೋಡಿ ಕೊಲೆಯ ಕಥೆಯೊಂದನ್ನು ಬರೆದ. ಅದರ ನಾಯಕ ಡ್ಯೂಪಿನ್ ಹಗಲಲ್ಲಿ ಕಿಟಕಿ ಮುಚ್ಚಿ ಕೂರುತ್ತಾನೆ, ರಾತ್ರಿ ಬೀದಿ ಸುತ್ತುತ್ತಾನೆ. ಪೊಲೀಸರಿಗೆ ಬಗೆಹರಿಯದ್ದು ಅವನಿಗೆ ಬಗೆಹರಿಯುತ್ತದೆ. ಲಂಡನ್ ಪೊಲೀಸರು ಪತ್ತೇದಾರಿಕೆಗೆಂದೇ ವಿಭಾಗ ತೆರೆದದ್ದು 1842ರಲ್ಲಿ. ಅವರಿಗಿಂತ ಒಂದು ವರ್ಷ ಮೊದಲೇ ಕಥೆಯ ಪತ್ತೇದಾರ ಹುಟ್ಟಿಬಿಟ್ಟಿದ್ದ!

1877ರಲ್ಲಿ ಅದೇ ಲಂಡನ್ ವಿಭಾಗದ ಹಿರಿಯರು ಕುದುರೆ ಜೂಜಿನ ವಂಚಕರಿಂದ ಲಂಚ ತಿಂದ ಆರೋಪದ ಮೇಲೆ ಕಟಕಟೆ ಹತ್ತಿದರು. ಹತ್ತು ವರ್ಷಕ್ಕೆ, 1887ರಲ್ಲಿ, ಶೆರ್ಲಾಕ್ ಹೋಮ್ಸ್ ಬಂದ. ಅದರಿಂದಲೇ ಇದು ಎಂದು ಆಣೆ ಮಾಡಲಾರೆ. ಆದರೆ ಹೋಮ್ಸ್ ಕಥೆಗಳ ಪೊಲೀಸ್ ಇನ್‌ಸ್ಪೆಕ್ಟರ್ ಲೆಸ್ಟ್ರೇಡ್ ಮತ್ತೆ ಮತ್ತೆ ಪೆಚ್ಚಾಗುವುದನ್ನು ಓದಿ ಲಂಡನ್ನಿನ ಜನ ಸುಮ್ಮಸುಮ್ಮನೆ ಖುಷಿಪಟ್ಟಿರಲಾರರು.

ಇನ್ನೊಂದು ತಮಾಷೆ ನೋಡಿ. ಈ ಒಂಟಿಗರು ನಿಜಕ್ಕೂ ಒಂಟಿಯಲ್ಲ. ಡ್ಯೂಪಿನ್‌ಗೆ ಹೆಸರಿಲ್ಲದ ಗೆಳೆಯನಿದ್ದ, ಹೋಮ್ಸ್‌ಗೆ ವಾಟ್ಸನ್ ಇದ್ದ. ಬಾಯಿಬಿಟ್ಟು ಬೆರಗಾಗುವವನೊಬ್ಬ ಪಕ್ಕದಲ್ಲಿಲ್ಲದಿದ್ದರೆ ಜಾಣತನಕ್ಕೆ ಏನು ಬೆಲೆ?

ಆ ಗೆಳೆಯನನ್ನು ಕಿತ್ತೆಸೆದವರು ಅಮೆರಿಕನ್ನರು. ಮದ್ಯ ನಿಷೇಧದ ಕಾಲ. ಕಳ್ಳಭಟ್ಟಿಯ ದುಡ್ಡಿಗೆ ನಗರಸಭೆ, ಪೊಲೀಸ್ ಎರಡೂ ಮಾರಾಟವಾಗಿದ್ದ ಊರುಗಳು. ಡ್ಯಾಷಿಯಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಏಜೆನ್ಸಿಯಲ್ಲಿ ಪತ್ತೇದಾರನಾಗಿ ದುಡಿದವನು. 1930ರ ‘ದಿ ಮಾಲ್ಟೀಸ್ ಫಾಲ್ಕನ್’ ಕಾದಂಬರಿಯಲ್ಲಿ ಪತ್ತೇದಾರ ಸ್ಯಾಮ್ ಸ್ಪೇಡ್‌ನ ಪಾಲುದಾರನನ್ನು ಶುರುವಿನಲ್ಲೇ ಕೊಲ್ಲಿಸಿಬಿಡುತ್ತಾನೆ. ರೇಮಂಡ್ ಚಾಂಡ್ಲರ್ ತೈಲ ಕಂಪನಿಯ ದೊಡ್ಡ ಹುದ್ದೆ ಕಳೆದುಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಅಗ್ಗದ ಪತ್ರಿಕೆಗಳಿಗೆ ಬರೆಯತೊಡಗಿದವನು. 1939ರಲ್ಲಿ ಅವನು ತಂದ ಫಿಲಿಪ್ ಮಾರ್ಲೋ ಸರ್ಕಾರಿ ವಕೀಲರ ಕಚೇರಿಯಲ್ಲಿ ಎದುರುತ್ತರ ಕೊಟ್ಟು ಕೆಲಸ ಕಳೆದುಕೊಂಡವ. ದಿನಕ್ಕೆ 25 ಡಾಲರ್, ಮೇಲೆ ಖರ್ಚು. ಅಷ್ಟು ಕೊಟ್ಟವರ ಕೆಲಸ ಮಾಡುತ್ತಾನೆ, ಅದಕ್ಕಿಂತ ಹೆಚ್ಚು ಕೊಟ್ಟು ಅವನನ್ನು ಕೊಳ್ಳಲಾಗದು. ನನ್ನನ್ನು ಕೇಳಿದರೆ, ಹೋಮ್ಸ್‌ನ ಬುದ್ಧಿಗಿಂತ ಈ ಹಟವೇ ದೊಡ್ಡ ಆಕರ್ಷಣೆ. ಮಾರ್ಲೋ ತನ್ನ ಕಥೆ ತಾನೇ ಹೇಳುತ್ತಾನೆ. ವಾಟ್ಸನ್ ಕೂತಿದ್ದ ಕುರ್ಚಿ ಖಾಲಿಯಾಯಿತು, ಅಲ್ಲಿ ನಾವು ಹೋಗಿ ಕೂತೆವು.

ಕನ್ನಡದಲ್ಲಿ ಆ ಕುರ್ಚಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗೆ ಮಾರ್ಲೋನ ಕಹಿಯಿಲ್ಲ. ಅವನದು ಸಾಹಸದ ಉಮೇದು. ವಿಮರ್ಶಕರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಡಿಗೆ ಲೈಬ್ರರಿಗಳ ಲೆಕ್ಕವೇ ಬೇರೆ: ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂದ ಪುಸ್ತಕಗಳು. ಕೊನೆಯ ಹಾಳೆ ಹರಿದಿದ್ದರೆ, ಕೊಲೆಗಾರ ಯಾರೆಂದು ಮೊದಲೇ ಓದಿದವರನ್ನು ಹುಡುಕಿಕೊಂಡು ಹೋಗಬೇಕಿತ್ತು.