ಆ ತೀರ್ಮಾನ ನನ್ನದು



ಎಂಜಿನಿಯರುಗಳ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ನಮ್ಮ ಸಾಧನೆಗಳ ಪಟ್ಟಿ ಓದುವುದು ವಾಡಿಕೆ. ಆ ಪಟ್ಟಿ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ, ದಯವಿಟ್ಟು ಓದಿಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯ ಊರಾದ ಹೊಸಪೇಟೆಯಲ್ಲಿ ಸಮ್ಮೇಳನ ಎಂದ ಮೇಲೆ ನನಗೆ ಬೇರೆ ವಿಷಯ ತೋಚಲಿಲ್ಲ. ನಾವು ಕಟ್ಟಿದ್ದು ಕುಸಿದಾಗ, ನಾವು ನೋಡಿಕೊಳ್ಳಬೇಕಾದದ್ದು ಕೈಕೊಟ್ಟಾಗ, ಅದರ ಮರುದಿನ ನಾವು ಏನು ಹೇಳುತ್ತೇವೆ ಎಂಬುದರ ಬಗ್ಗೆ ಮಾತಾಡುತ್ತೇನೆ.

1979ರ ಆಗಸ್ಟ್ ತಿಂಗಳ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಆಗಸ್ಟ್ 10, ಇನ್ನೊಂದು ಅದರ ಮರುದಿನ.

ಆಗಸ್ಟ್ 10ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ಮೊದಲ ಸಲ ಮೇಲೇರಿತು. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತಗಳ ರಾಕೆಟ್. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೊ ಅಧ್ಯಕ್ಷರು ಸತೀಶ್ ಧವನ್. ಅದೇ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ನಡೆಸುತ್ತಿದ್ದವರು ಅವರು. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೇ ಹಂತದಲ್ಲಿ ರಾಕೆಟ್ ಹತೋಟಿ ತಪ್ಪಿತು. ನೆಲ ಬಿಟ್ಟ 317 ಸೆಕೆಂಡಿಗೆ ಬಂಗಾಳ ಕೊಲ್ಲಿಗೆ ಬಿತ್ತು.

ಕಾರಣ ಬಹಳ ಚಿಕ್ಕದು. ಎರಡನೇ ಹಂತದ ದಿಕ್ಕನ್ನು ಹತೋಟಿಯಲ್ಲಿಡುವ ವ್ಯವಸ್ಥೆಗೆ ನೈಟ್ರಿಕ್ ಆಮ್ಲ ಬೇಕಿತ್ತು. ಒಂದು ಸೊಲೆನಾಯ್ಡ್ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ರಾಕೆಟ್ ನೆಲದ ಮೇಲಿದ್ದಾಗಲೇ ಆಮ್ಲ ಸೋರತೊಡಗಿತು. ಸೋರುತ್ತಿರುವುದು ಕೌಂಟ್‌ಡೌನ್‌ನ ಕೊನೆಯ ಹೊತ್ತಿನಲ್ಲಿ ಗೊತ್ತೂ ಆಗಿತ್ತು. ತಜ್ಞರು ಲೆಕ್ಕ ಹಾಕಿ, ಉಳಿದಿರುವ ಆಮ್ಲ ಸಾಕು, ಹಾರಿಸಬಹುದು ಎಂದರು. ಹಾರಿಸಲಾಯಿತು.

ಮುಂದೆ ಪರಾಮರ್ಶೆ ಸಭೆ ಸೇರಿತು. ಕಲಾಂ ತಮ್ಮ ಆತ್ಮಕಥೆಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಅಲ್ಲಿ ಅವರ ಸಂಗಾತಿಗಳು ಏನು ಕೆಟ್ಟಿತು, ಹೇಗೆ ಕೆಟ್ಟಿತು ಎಂದು ತಾಂತ್ರಿಕ ವಿವರಣೆ ಕೊಟ್ಟರು. ಎಲ್ಲರಿಗೂ ಒಪ್ಪಿಗೆಯಾಗುವಂಥ ವಿವರಣೆ, ಅದರಲ್ಲಿ ಸುಳ್ಳಿರಲಿಲ್ಲ. ಸಭೆ ಅಲ್ಲಿಗೆ ಮುಗಿಯಬಹುದಿತ್ತು. ಆಗ ಕಲಾಂ ಎದ್ದು ನಿಂತರು. ವಿವರಣೆ ಸರಿಯಿರಬಹುದು, ಆದರೆ ಆ ಸೋರಿಕೆ ಲೆಕ್ಕಕ್ಕಿಲ್ಲ ಎಂದು ಬಗೆದವನು ನಾನು, ತಡೆಹಿಡಿಯಬೇಕಾಗಿದ್ದವನೂ ನಾನು, ಹೊಣೆ ನನ್ನದು ಎಂಬ ಅರ್ಥದ ಮಾತು ಹೇಳಿದರು.

ಅದು ಕೋಣೆಯ ಒಳಗೆ ಆಡಿದ ಮಾತು. ಹೊರಗೆ, ಸೋತ ದಿನವೇ ಪತ್ರಕರ್ತರು ಕಾಯುತ್ತಿದ್ದರು. ಇಷ್ಟು ದುಡ್ಡು ಸಮುದ್ರಕ್ಕೆ ಹಾಕಿದಿರಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಉತ್ತರ ಕೊಡುವ ಕುರ್ಚಿಯಲ್ಲಿ ಕುಳಿತವರು ಧವನ್. ಕಲಾಂ ಅವರನ್ನು ಮುಂದೆ ತಳ್ಳದೆ, ಇದು ನಮ್ಮ ಸಂಸ್ಥೆಯ ಸೋಲು, ನನ್ನ ತಂಡದ ಮೇಲೆ ನನಗೆ ನಂಬಿಕೆಯಿದೆ, ಇನ್ನೊಂದು ವರ್ಷದಲ್ಲಿ ಮಾಡಿ ತೋರಿಸುತ್ತಾರೆ ಎಂದರು. 1980ರ ಜುಲೈ 18ರಂದು ಅದೇ ಮಾದರಿಯ ಇನ್ನೊಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅವತ್ತು ಪತ್ರಿಕಾಗೋಷ್ಠಿಗೆ ಹೋಗಿ ಮಾತಾಡಿ ಎಂದು ಧವನ್ ಕಳಿಸಿದ್ದು ಕಲಾಂ ಅವರನ್ನು.

ಈ ಕಥೆಯನ್ನು ನಾಯಕತ್ವದ ಪಾಠವಾಗಿ ಎಲ್ಲ ಕಡೆ ಹೇಳುತ್ತಾರೆ. ಹಾಗೆ ಹೇಳುವಾಗ ಧವನ್ ಅವರ ದೊಡ್ಡತನ ಮಾತ್ರ ಉಳಿಯುತ್ತದೆ, ಕಲಾಂ ಎದ್ದು ನಿಂತದ್ದು ಹಿಂದೆ ಸರಿಯುತ್ತದೆ. ನನಗೆ ಎರಡೂ ಒಂದೇ ಸಂಗತಿ. ಮೇಲಿನವರು ತನ್ನನ್ನು ಬೀದಿಗೆ ಬಿಡುವುದಿಲ್ಲ ಎಂಬ ನಂಬಿಕೆಯಿದ್ದ ಕಡೆ ಕೆಳಗಿನವರು ಒಳಗಿನ ಸತ್ಯ ಹೇಳುತ್ತಾರೆ. ಒಳಗಿನ ಸತ್ಯ ಹೊರಬಂದ ಕಡೆ ಆ ವಾಲ್ವಿನ ಕಸವೂ ಹೊರಬರುತ್ತದೆ.

ಈಗ ಆಗಸ್ಟ್ 11ಕ್ಕೆ ಬರೋಣ. ಗುಜರಾತಿನ ಮೋರ್ಬಿ ಪಟ್ಟಣದಿಂದ ಐದು ಕಿಲೋಮೀಟರ್ ಮೇಲೆ ಮಚ್ಛು ನದಿಗೆ ಕಟ್ಟಿದ ಎರಡನೇ ಅಣೆಕಟ್ಟೆ ಅವತ್ತು ಮಧ್ಯಾಹ್ನ ಒಡೆಯಿತು. ಕಟ್ಟಿ ಮುಗಿಸಿ ಹತ್ತು ವರ್ಷವೂ ಆಗಿರಲಿಲ್ಲ. ನಡುವಿನ ಕಲ್ಲಿನ ಕೋಡಿ ನಿಂತೇ ಇತ್ತು. ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು. ಸೆಕೆಂಡಿಗೆ ಸುಮಾರು 5,700 ಘನ ಮೀಟರ್ ನೀರು ಹೊರಹೋಗಲೆಂದು ಕೋಡಿಯನ್ನು ಕಟ್ಟಿದ್ದರು. ಬಂದದ್ದು 16,000ಕ್ಕೂ ಹೆಚ್ಚು. ಮಧ್ಯಾಹ್ನದ ಹೊತ್ತು ಮೋರ್ಬಿಯೊಳಗೆ ನೀರಿನ ಗೋಡೆ ನುಗ್ಗಿತು. ಸತ್ತವರು ಎಷ್ಟು ಎಂಬ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಸಾವಿರಕ್ಕೂ ಹೆಚ್ಚು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ದೈವಿಕ ಆಪತ್ತು, ಕಂಡರಿಯದ ಮಳೆ ಎಂಬ ಮಾತು ಕೂಡಲೇ ಬಂತು. ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ವಿಚಾರಣಾ ಆಯೋಗವೂ ರಚನೆಯಾಯಿತು. ಅಷ್ಟು ಕಡಿಮೆ ಪ್ರವಾಹಕ್ಕೆ ಕೋಡಿಯನ್ನು ಲೆಕ್ಕ ಹಾಕಿದವರು ಯಾರು, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಗಳು ಅದರ ಮುಂದೆ ಇದ್ದವು. ಆಯೋಗ ತನ್ನ ಕೆಲಸ ಮುಗಿಸುವ ಮೊದಲೇ ಸರ್ಕಾರ ಅದನ್ನು ಮುಚ್ಚಿತು. ಮುಂದೆ ಅಣೆಕಟ್ಟೆಯನ್ನು ಮತ್ತೆ ಕಟ್ಟಿದಾಗ ಕೋಡಿಯ ಸಾಮರ್ಥ್ಯವನ್ನು ಸೆಕೆಂಡಿಗೆ 21,000 ಘನ ಮೀಟರಿಗೆ ಏರಿಸಿದರು. ಅಂದರೆ ಮೊದಲಿನ ಲೆಕ್ಕ ಸಾಲದು ಎಂದು ಕಾಂಕ್ರೀಟು ಒಪ್ಪಿಕೊಂಡಿತು. ಕಾಗದದಲ್ಲಿ ಅದನ್ನು ಒಪ್ಪಿಕೊಂಡು ಸಹಿ ಹಾಕಿದ ಒಬ್ಬ ಮನುಷ್ಯನೂ ಇಲ್ಲ.

ಅದೇ ಮೋರ್ಬಿಯಲ್ಲಿ, ಅದೇ ಮಚ್ಛು ನದಿಯ ಮೇಲೆ, 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದುಬಿದ್ದು 135 ಜನ ಸತ್ತರು. ದುರಸ್ತಿ ಮಾಡಿ ಜನರಿಗೆ ತೆರೆದು ಒಂದು ವಾರವೂ ಆಗಿರಲಿಲ್ಲ. ನಿರ್ವಹಣೆ ವಹಿಸಿಕೊಂಡಿದ್ದವರ ಕಡೆಯಿಂದ ನ್ಯಾಯಾಲಯದಲ್ಲಿ ಕೇಳಿಬಂದ ಮಾತು, ದೇವರ ಇಚ್ಛೆ. ಮೊದಲ ದುರಂತ ಎರಡನೆಯದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ, ಅದು ಅತಿಯಾದೀತು. ಆದರೆ ಒಂದು ಊರಿನಲ್ಲಿ ಅಷ್ಟು ಜನ ಸತ್ತು, ನಲವತ್ತು ವರ್ಷ ಕಳೆದರೂ ನಮ್ಮ ವೃತ್ತಿಯಿಂದ ಆ ಜನರಿಗೆ ಒಂದು ನೇರವಾದ ಉತ್ತರ ಸಿಗಲಿಲ್ಲ. ಈ ವಿಷಯ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ವೃತ್ತಿಯ ಕಷ್ಟ ಗಾದೆಗೆ ಸಿಕ್ಕುವಂಥದ್ದಲ್ಲ, ಯಾಕೆಂದರೆ ನಮ್ಮ ನೆಲ ಎಷ್ಟೋ ಸಲ ನಿಜವಾಗಿಯೂ ಡೊಂಕು. ಮಚ್ಛು ಕಣಿವೆಯಲ್ಲಿ ಅವತ್ತು ಬಿದ್ದ ಮಳೆ ನಿಜ. ಶ್ರೀಹರಿಕೋಟಾದ ವಾಲ್ವಿನಲ್ಲಿ ಕಸ ಸಿಕ್ಕಿದ್ದೂ ನಿಜ. ಅನುದಾನ ತಡವಾಗಿ ಬರುತ್ತದೆ, ಟೆಂಡರಿನಲ್ಲಿ ಕಡಿಮೆ ದರ ಕೂಗಿದವನಿಗೇ ಕೆಲಸ ಕೊಡಬೇಕಾಗುತ್ತದೆ, ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತಾಗಿ ಕಾಂಕ್ರೀಟಿನ ಕ್ಯೂರಿಂಗ್‌ಗೆ ಬಿಡಬೇಕಾದ ದಿನಗಳು ಕಡಿಮೆಯಾಗುತ್ತವೆ. ಇದೆಲ್ಲ ನಿಜ. ನೆಪ ಹೇಳುವವರು ಸುಳ್ಳು ಹೇಳುತ್ತಿದ್ದರೆ ನಾವು ಅದನ್ನು ಸುಲಭವಾಗಿ ಹಿಡಿಯುತ್ತಿದ್ದೆವು. ಒಳ್ಳೆಯ ನೆಪದಲ್ಲಿ ಸುಳ್ಳಿರುವುದಿಲ್ಲ, ಅದಕ್ಕೇ ಅದನ್ನು ಹೇಳುವ ಮನುಷ್ಯ ತನ್ನನ್ನೂ ನಂಬಿಸಿಕೊಳ್ಳುತ್ತಾನೆ.

ಹಾಗಾದರೆ ಮಳೆಗೆ ಎಂಜಿನಿಯರ್ ಹೊಣೆಯೇ ಎಂದು ನೀವು ಕೇಳಬಹುದು. ಅಲ್ಲ. ಕಸ ಸಿಕ್ಕಿದ್ದಕ್ಕೆ ಕಲಾಂ ಕಾರಣರಲ್ಲ, ಅವರು ಹಾಗೆಂದು ಹೇಳಲೂ ಇಲ್ಲ. ಸೋರುತ್ತಿರುವುದು ಗೊತ್ತಾದ ಮೇಲೂ ಹಾರಿಸಬಹುದು ಎಂದು ತೀರ್ಮಾನಿಸಿದ್ದು ತಾನು ಎಂದರು. ಕಾರಣಗಳು ಹತ್ತಾರು ಇರುತ್ತವೆ, ಅವು ಎಲ್ಲ ಕಡೆ ಹರಡಿಕೊಂಡಿರುತ್ತವೆ. ತೀರ್ಮಾನ ಒಬ್ಬರದು, ಅದಕ್ಕೆ ದಿನಾಂಕ ಇರುತ್ತದೆ, ಸಹಿ ಇರುತ್ತದೆ. ಎಷ್ಟು ಪ್ರವಾಹಕ್ಕೆ ಕೋಡಿ ಕಟ್ಟಬೇಕು ಎಂಬುದು ಮಳೆಯ ತೀರ್ಮಾನವಲ್ಲ, ಮನುಷ್ಯನದು. ಹೊಣೆ ಹೊರುವುದು ಎಂದರೆ ಈ ಒಂದು ಜಾಗವನ್ನು ತೋರಿಸಿ, ಇಲ್ಲಿ ನಿಂತಿದ್ದವನು ನಾನು, ನನಗೆ ಇಷ್ಟು ಗೊತ್ತಿತ್ತು, ಇದನ್ನು ನಾನು ಕೇಳಲಿಲ್ಲ ಎಂದು ಹೇಳುವುದು. ಮುಂದಿನ ಎಂಜಿನಿಯರಿಗೆ ಉಪಯೋಗಕ್ಕೆ ಬರುವುದು ಅದೊಂದೇ ಸಾಲು. ಮಳೆ ಜಾಸ್ತಿಯಿತ್ತು ಎಂಬ ವರದಿಯಿಂದ ಅವನು ಕಲಿಯುವಂಥದ್ದು ಏನೂ ಇಲ್ಲ.

ಹೊಣೆಗಾರಿಕೆಯ ಮಾತು ಬಂದಾಗ ಲಾಲ್ ಬಹಾದುರ್ ಶಾಸ್ತ್ರಿಯವರ ಹೆಸರು ಬಂದೇ ಬರುತ್ತದೆ. 1956ರ ನವೆಂಬರ್‌ನಲ್ಲಿ ಅರಿಯಲೂರು ರೈಲು ದುರಂತದ ನಂತರ ಅವರು ರೈಲ್ವೆ ಸಚಿವ ಸ್ಥಾನ ಬಿಟ್ಟರು. ಅದಕ್ಕೂ ಮೊದಲು ಮಹಬೂಬ್‌ನಗರದ ಅಪಘಾತವಾದಾಗಲೂ ರಾಜೀನಾಮೆ ಕೊಟ್ಟಿದ್ದರು, ನೆಹರೂ ಒಪ್ಪಿರಲಿಲ್ಲ. ಅವರ ನಡೆ ದೊಡ್ಡದು, ಅದರ ಮುಂದೆ ನಾನು ತಲೆಬಾಗುತ್ತೇನೆ. ಆದರೂ ನಮ್ಮ ವೃತ್ತಿಗೆ ನಾನು ಇಟ್ಟುಕೊಳ್ಳುವ ಮಾದರಿ ಅದಲ್ಲ. ಸಚಿವರು ಹೋಗಬಹುದು, ಸೇತುವೆಯ ಅಡಿಪಾಯವನ್ನು ಮತ್ತೆ ನೋಡಬೇಕಾದವರು ಇರಲೇಬೇಕು. ಇವತ್ತು ಏನಾದರೂ ಕುಸಿದ ಕೂಡಲೇ ರಾಜೀನಾಮೆ ಕೊಡಿ, ಅಮಾನತು ಮಾಡಿ ಎಂಬ ಕೂಗು ಏಳುತ್ತದೆ. ಸಂಜೆಯೊಳಗೆ ಒಬ್ಬ ಜೂನಿಯರ್ ಎಂಜಿನಿಯರ್ ಅಮಾನತಾಗುತ್ತಾನೆ. ಜನರ ಸಿಟ್ಟು ಇಳಿಯುತ್ತದೆ, ಕಡತ ಮುಚ್ಚುತ್ತದೆ. ಆ ಹುಡುಗ ಆರು ತಿಂಗಳ ಮೇಲೆ ಬೇರೆ ತಾಲ್ಲೂಕಿನಲ್ಲಿ ಕೆಲಸಕ್ಕೆ ಬರುತ್ತಾನೆ, ಇನ್ನು ಮುಂದೆ ಯಾವುದನ್ನೂ ಬರವಣಿಗೆಯಲ್ಲಿ ಕೊಡಬಾರದು ಎಂಬ ಒಂದೇ ಪಾಠ ಕಲಿತು.

ಈ ಮಾತನ್ನು ನಾನು ಹಿರಿಯ ಅಧಿಕಾರಿಗಳನ್ನೇ ನೋಡಿಕೊಂಡು ಹೇಳುತ್ತಿದ್ದೇನೆ. ನಮ್ಮ ಇಲಾಖೆಗಳಲ್ಲಿ ಕೀರ್ತಿ ಮೇಲಕ್ಕೆ ಹೋಗುತ್ತದೆ, ತಪ್ಪು ಕೆಳಗೆ ಇಳಿಯುತ್ತದೆ. ಚೀಫ್ ಎಂಜಿನಿಯರಿಂದ ಸೂಪರಿಂಟೆಂಡಿಂಗ್ ಎಂಜಿನಿಯರಿಗೆ ನೋಟಿಸು, ಅಲ್ಲಿಂದ ಕಾರ್ಯಪಾಲಕ ಎಂಜಿನಿಯರಿಗೆ, ಅಲ್ಲಿಂದ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ, ಕೊನೆಗೆ ಸೈಟಿನಲ್ಲಿ ನಿಂತ ಹುಡುಗನಿಗೆ. ಅವನ ಕೆಳಗೆ ಕಳಿಸಲು ಯಾರೂ ಇಲ್ಲ, ಗುತ್ತಿಗೆದಾರನ ಮೇಸ್ತ್ರಿಯೊಬ್ಬನನ್ನು ಬಿಟ್ಟರೆ. ಈ ಹುಡುಗನಿಗೆ ಏರಿಯ ಬುಡದಲ್ಲಿ ಜಿನುಗು ಕಂಡಾಗ ಮೊದಲು ಬರುವ ಯೋಚನೆ ಯಾವುದಿರಬಹುದು? ಹೇಳಿದರೆ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಹೇಳದಿದ್ದರೆ ಬಹುಶಃ ಈ ಮಳೆಗಾಲ ಕಳೆದುಹೋಗುತ್ತದೆ. ಅವನು ಸುಮ್ಮನಾದರೆ ಅದು ಅವನ ಹೇಡಿತನ ಎಂದು ನಾನು ಒಪ್ಪುವುದಿಲ್ಲ. ಅದನ್ನು ಅವನಿಗೆ ಕಲಿಸಿದವರು ನಾವು, ಮೇಲೆ ಕುಳಿತವರು.

ತುಂಗಭದ್ರೆಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಇಲ್ಲಿಯ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು, ಗಡಿಯಾಚೆ ಆಂಧ್ರ, ತೆಲಂಗಾಣದ ರೈತರು ಭತ್ತದ ಸಸಿ ಹಾಕಿ ಕುಳಿತಿದ್ದರು. ಆ ವಾರ ಈ ಊರಿನಲ್ಲಿ ಎರಡು ಕೆಲಸ ಒಟ್ಟೊಟ್ಟಿಗೆ ನಡೆದವು. ಅಣೆಕಟ್ಟೆಯ ಮೇಲೆ, ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಐದು ತುಂಡುಗಳ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿದರು. ಕಾರ್ಮಿಕರು ಜೀವ ಕೈಯಲ್ಲಿ ಹಿಡಿದು ಮಾಡಿದ ಕೆಲಸ ಅದು, 17ನೇ ತಾರೀಖಿಗೆ ಮುಗಿಯಿತು. ಮುಂದೆ ಮಳೆಯೂ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಕೆಳಗೆ, ಮೈಕುಗಳ ಮುಂದೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಅಣೆಕಟ್ಟೆ ತುಂಗಭದ್ರಾ ಮಂಡಳಿಯದು, ಮಂಡಳಿ ಕೇಂದ್ರದ್ದು, ಅಲ್ಲ, ಎಚ್ಚರ ವಹಿಸಬೇಕಾಗಿದ್ದದ್ದು ರಾಜ್ಯ, ಎಪ್ಪತ್ತು ವರ್ಷ ಹಳೆಯ ಗೇಟಿಗೆ ಯಾರು ಏನು ಮಾಡಲಾದೀತು. ಇದರಲ್ಲೂ ಪ್ರತಿ ಮಾತಿಗೆ ಒಂದಿಷ್ಟು ಆಧಾರ ಇತ್ತು. ಮೂರು ರಾಜ್ಯಗಳ ನೀರು, ಕೇಂದ್ರದ ಮಂಡಳಿ, ಹಳೆಯ ಉಕ್ಕು. ರೈತನಿಗೆ ಬೇಕಾಗಿದ್ದದ್ದು ಇಷ್ಟೇ: ಆ ಚೈನನ್ನು ಕೊನೆಯ ಸಲ ಪರೀಕ್ಷಿಸಿ ಸರಿಯಿದೆ ಎಂದವರು ಯಾರು, ಏನು ನೋಡಿ ಹಾಗೆಂದರು?

ಗೇಟನ್ನು ಒಂದು ವಾರದಲ್ಲಿ ಮುಚ್ಚಬಲ್ಲ ಜನ ಈ ನಾಡಿನಲ್ಲಿದ್ದಾರೆ ಎಂಬುದರ ಬಗ್ಗೆ ನನಗೆ ಹೆಮ್ಮೆಯಿದೆ. ಆ ಪ್ರಶ್ನೆಗೆ ಒಂದು ವಾರದಲ್ಲಿ ಉತ್ತರ ಕೊಡುವ ಜನರೂ ನಮ್ಮಲ್ಲಿ ಹುಟ್ಟಬೇಕು ಎಂಬುದು ನನ್ನ ಆಸೆ.

ಸಮ್ಮೇಳನದ ಮುಂದೆ ನನ್ನ ಕೋರಿಕೆ ಒಂದೇ. ಮುಂದಿನ ಸಲದಿಂದ ವಿಫಲವಾದ ಕೆಲಸಗಳಿಗೆ ಅರ್ಧ ದಿನದ ಗೋಷ್ಠಿ ಇಡಬೇಕು. ಬಿರುಕು ಬಿಟ್ಟ ಮೇಲ್ಸೇತುವೆ, ಒಡೆದ ಕೆರೆ ಏರಿ, ನೀರು ಹರಿಯದ ಏತ ನೀರಾವರಿ, ಯಾವುದಾದರೂ ಸರಿ. ಪ್ರಬಂಧ ಓದುವವರು ಆ ತೀರ್ಮಾನಕ್ಕೆ ಸಹಿ ಹಾಕಿದವರೇ ಆಗಿರಬೇಕು, ಅವರ ಕಿರಿಯರಲ್ಲ. ಗೋಷ್ಠಿಯಲ್ಲಿ ಹೇಳಿದ ಮಾತನ್ನು ನೋಟಿಸಿಗೆ ಆಧಾರ ಮಾಡಬಾರದು ಎಂದು ಇಲಾಖೆಗಳಿಂದ ಬರವಣಿಗೆಯಲ್ಲಿ ಪಡೆಯಬೇಕು. ಇದು ಸುಲಭವಾಗಿ ಸಿಗುವುದಿಲ್ಲ, ಸಚಿವಾಲಯಕ್ಕೆ ಅಲೆಯಬೇಕಾಗುತ್ತದೆ. ಜೀವಹಾನಿಯಾದ ಪ್ರಕರಣಗಳಲ್ಲಿ ಕಾನೂನು ತನ್ನ ದಾರಿಯಲ್ಲಿ ಹೋಗಲೇಬೇಕು, ಅದಕ್ಕೆ ಅಡ್ಡ ಬರುವ ರಕ್ಷಣೆಯನ್ನು ನಾವು ಕೇಳಬಾರದು. ಉಳಿದ ನೂರಾರು ಪ್ರಕರಣಗಳಿಗೆ ಮಾತ್ರ ಈ ಬಾಗಿಲು.

ಕರಡು ನಿರ್ಣಯವನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ನಾಳೆ ಸಮಾರೋಪಕ್ಕೆ ಮೊದಲು ಅದು ಸಭೆಯ ಮುಂದೆ ಬರುತ್ತದೆ. ಅದನ್ನು ಸೂಚಿಸಲು ಒಬ್ಬ ನಿವೃತ್ತರು, ಅನುಮೋದಿಸಲು ಈಗ ಸೇವೆಯಲ್ಲಿರುವ ಒಬ್ಬ ಚೀಫ್ ಎಂಜಿನಿಯರ್ ಬೇಕು. ನಿವೃತ್ತರು ಸಿಕ್ಕಿದ್ದಾರೆ. ಇನ್ನೊಂದು ಹೆಸರನ್ನು ಇವತ್ತು ರಾತ್ರಿ ಊಟದ ಹೊತ್ತಿಗೆ ನನಗೆ ತಿಳಿಸಿ.